ನೆಂಟರ ಜೀಪು ಅಂಗಳಕ್ಕೆ ಬರುವ ಮೊದಲು

ಕೊಡಗಿನ ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಮುಕ್ಕಾಲು ಕಿಲೋಮೀಟರ್ ದೂರ, ನಡುವೆ ಪೂರ್ತಿ ಕಾಫಿ ತೋಟ. ಯಾವ ವಾಹನ ನಮ್ಮ ಕಡೆ ತಿರುಗಿದರೂ ಮೊದಲು ನಾಯಿಗಳಿಗೆ ಗೊತ್ತಾಗುತ್ತದೆ, ಆಮೇಲೆ ಮಕ್ಕಳಿಗೆ, ಕೊನೆಗೆ ನಮಗೆ. ನಾಯಿ ಬೊಗಳಿದ ಮೇಲೆ ಜೀಪು ಅಂಗಳದಲ್ಲಿ ನಿಲ್ಲಲು ಹೆಚ್ಚೆಂದರೆ ನಾಲ್ಕು ನಿಮಿಷ. ಆ ನಾಲ್ಕು ನಿಮಿಷದಲ್ಲಿ ನಾನು ಒಗೆದ ಬಟ್ಟೆಯ ರಾಶಿಯನ್ನು ಸೋಫಾದಿಂದ ಎತ್ತಿ ಮಲಗುವ ಕೋಣೆಗೆ ಎಸೆದು, ಕಾಫಿಗೆ ನೀರಿಟ್ಟು, ಮಕ್ಕಳ ಕಡೆ ತಿರುಗಿ "ಜಾಣರಾಗಿರಬೇಕು, ಗೊತ್ತಾಯಿತಾ?" ಎಂದು ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದೆ. ಎರಡು ಮೂರು ವರ್ಷ ಇದನ್ನೇ ಮಾಡಿದೆ. ಒಂದು ಸಲವೂ ಫಲಿಸಲಿಲ್ಲ.

ಫಲಿಸದಿದ್ದುದರಲ್ಲಿ ಆಶ್ಚರ್ಯವಿಲ್ಲ. "ಜಾಣರಾಗಿರಿ" ಎಂದರೆ ಏನು ಮಾಡಬೇಕು ಎಂಬುದು ಮೂರು ವರ್ಷದ ಮಗುವಿಗೆ ತಿಳಿಯುವುದಿಲ್ಲ. ಅಮ್ಮನ ದನಿ ಬದಲಾಗಿದೆ ಎಂಬುದಷ್ಟೇ ತಿಳಿಯುತ್ತದೆ. ಮಗುವಿನ ಕಡೆಯಿಂದ ನೋಡಿ: ಇಷ್ಟು ಹೊತ್ತು ತನ್ನವರಾಗಿದ್ದ ಅಪ್ಪ ಅಮ್ಮ ಇದ್ದಕ್ಕಿದ್ದಂತೆ ಬೇರೆ ಯಾರದೋ ಪಾಲಾಗುತ್ತಾರೆ, ಬೇರೆ ದನಿಯಲ್ಲಿ ಮಾತನಾಡುತ್ತಾರೆ, ಸುಮ್ಮನೆ ನಗುತ್ತಾರೆ. ಮಗು ಮಡಿಲಿಗೆ ಹತ್ತುವುದು, ಸೆರಗು ಎಳೆಯುವುದು, ಕೊನೆಗೆ ಮಿಕ್ಸ್‌ಚರ್ ತಟ್ಟೆಯನ್ನು ಕವುಚುವುದು, ಎಲ್ಲವೂ ಅವರನ್ನು ಮರಳಿ ಪಡೆಯಲಿಕ್ಕೆ. ಈ ಒಂದು ವಿಷಯ ತಲೆಗೆ ಹೋದ ಮೇಲೆ ನನ್ನ ಕೆಲಸ ಅರ್ಧ ಹಗುರವಾಯಿತು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಎರಡರಿಂದ ಏಳು ವರ್ಷದ ಮಕ್ಕಳಿರುವ ಮನೆಗಳಿಗೆ ಇದು ಹೆಚ್ಚು ಉಪಯೋಗಕ್ಕೆ ಬರಬಹುದು.

ಮೊದಲು: ಹಿಂದಿನ ದಿನದ ತಯಾರಿ

ಬರುವವರು ಯಾರು ಎಂದು ಮಗುವಿಗೆ ಹೇಳಿ. "ನೆಂಟರು" ಎಂದರೆ ಸಾಲದು. ಮೊಬೈಲ್‌ನಲ್ಲಿ ಅವರ ಫೋಟೋ ಇದ್ದರೆ ತೋರಿಸಿ. "ಇವರು ಅಪ್ಪನ ಚಿಕ್ಕಪ್ಪನ ಮಗಳು, ನಿನಗೆ ಅತ್ತೆ. ಮೈಸೂರಿನಿಂದ ಬರುತ್ತಾರೆ. ರಾತ್ರಿ ಇಲ್ಲೇ ಮಲಗುತ್ತಾರೆ, ನಾಳೆ ತಿಂಡಿ ತಿಂದು ಹೋಗುತ್ತಾರೆ." ಎಷ್ಟು ಹೊತ್ತು ಇರುತ್ತಾರೆ, ಎಲ್ಲಿ ಮಲಗುತ್ತಾರೆ ಎಂಬುದು ನಮಗೆ ಸಣ್ಣ ವಿಷಯ, ಮಗುವಿಗೆ ದೊಡ್ಡದು. ತನ್ನ ಮಂಚವನ್ನು ಬಿಟ್ಟುಕೊಡಬೇಕಾಗಿದ್ದರೆ ಅದನ್ನು ರಾತ್ರಿ ಒಂಬತ್ತಕ್ಕೆ ಹೇಳಬೇಡಿ.

ಆಮೇಲೆ ಐದು ನಿಮಿಷ ನೆಂಟರಾಟ ಆಡಿ. ಒಬ್ಬರು ನೆಂಟರು, ಒಬ್ಬರು ಮನೆಯವರು. ಬಾಗಿಲು ತೆರೆಯುವುದು, ನಮಸ್ಕಾರ ಹೇಳುವುದು, ಕುರ್ಚಿ ತೋರಿಸುವುದು, ಅಷ್ಟೇ. ನಮ್ಮ ಮಗನಿಗೆ ಯಾವಾಗಲೂ ನೆಂಟನ ಪಾತ್ರವೇ ಬೇಕು. ಅವನು ಒಳಗೆ ಬಂದು ಕಾಲ ಮೇಲೆ ಕಾಲು ಹಾಕಿ ಕುಳಿತು, "ಮಕ್ಕಳು ಎಷ್ಟನೇ ಕ್ಲಾಸು? ಏನು, ಊಟ ಮಾಡುವುದಿಲ್ಲವಾ, ಇಷ್ಟು ಸಣ್ಣಗಿದ್ದಾರೆ?" ಎಂದು ಕೇಳುತ್ತಿದ್ದ. ನೆಂಟರು ಅವನಿಗೆ ಹೇಗೆ ಕಾಣುತ್ತಾರೆ ಎಂಬುದು ನನಗೆ ಗೊತ್ತಾದದ್ದೇ ಆ ಆಟದಲ್ಲಿ.

ಆಟಿಕೆಗಳ ವಿಚಾರವನ್ನೂ ಅಂದೇ ಮುಗಿಸಿ. ಬರುವವರ ಜೊತೆ ಮಕ್ಕಳಿದ್ದರೆ, ಯಾರಿಗೂ ಕೊಡಲು ಇಷ್ಟವಿಲ್ಲದ ಎರಡು ಮೂರು ಸಾಮಾನುಗಳನ್ನು ಮಗುವೇ ಆರಿಸಿ ಬೀರುವಿನಲ್ಲಿ ಇಡಲಿ. ಹೊರಗೆ ಉಳಿದದ್ದು ಎಲ್ಲರಿಗೂ. ಮೂರು ವರ್ಷದೊಳಗಿನ ಮಕ್ಕಳು ಒಟ್ಟಿಗೆ ಆಡುವುದಕ್ಕಿಂತ ಅಕ್ಕಪಕ್ಕ ಕುಳಿತು ತಮ್ಮ ತಮ್ಮ ಆಟ ಆಡುವುದೇ ಹೆಚ್ಚು. ಹಂಚಿಕೊಳ್ಳುವ ಬುದ್ಧಿ ಆ ವಯಸ್ಸಿಗೆ ಇನ್ನೂ ಬಲಿತಿರುವುದಿಲ್ಲ. ಬೀರುವಿನ ಕೀಲಿ ಅರ್ಧ ಜಗಳವನ್ನು ತಪ್ಪಿಸುತ್ತದೆ.

ಇನ್ನೊಂದು ಎಚ್ಚರಿಕೆ ದೊಡ್ಡವರಿಗೆ. ನೆಂಟರ ಬಗ್ಗೆ ನೀವು ಅಡುಗೆಮನೆಯಲ್ಲಿ ಆಡುವ ಮಾತು ನೆಂಟರ ಎದುರಿಗೆ ಹಾಗೆಯೇ ಬರುತ್ತದೆ. ಒಂದು ಆಟಿ (ಆಷಾಢ) ತಿಂಗಳಲ್ಲಿ, ಕರೆಂಟಿಲ್ಲದೆ ಮೂರನೆಯ ದಿನ, "ಈ ಮಳೆಯಲ್ಲಿ ಇವರಿಗೆ ಬರುವುದಕ್ಕೆ ಬೇರೆ ದಿನ ಸಿಗಲಿಲ್ಲವಾ" ಎಂದು ಗೊಣಗಿದ್ದೆ. ಆ ಪ್ರಶ್ನೆಯನ್ನು ನಮ್ಮ ಮಗಳು ಬಹಳ ವಿನಯದಿಂದ, ಕೈ ಮುಗಿದು, ಬಂದವರನ್ನೇ ಕೇಳಿದಳು. ಅವಳಿಗೆ ಬೈಯಲು ನನಗೆ ಬಾಯಿರಲಿಲ್ಲ.

ಮನೆಯನ್ನೂ ಒಮ್ಮೆ ನೋಡಿ

ಇಲ್ಲಿ ಕೊಡಗಿನ ಮನೆಗಳಿಗೇ ಸೇರಿದ ಕೆಲವು ಮಾತುಗಳಿವೆ. ಗೋಡೆಯ ಮೇಲೆ ಕೋವಿ ತೂಗುಹಾಕುವ ಮನೆಗಳು ಈಗಲೂ ಇವೆ. ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಕೋವಿಯನ್ನು ಇಳಿಸಿ, ಒರೆಸಿ, ಹೂವಿಟ್ಟು ಪೂಜಿಸುತ್ತೇವೆ. ಹೊರಗಿನಿಂದ ಬಂದವರಿಗೆ ಅದನ್ನು ಹಿಡಿದು ಫೋಟೋ ತೆಗೆಸಿಕೊಳ್ಳುವ ಆಸೆ, ನಮ್ಮ ಮಕ್ಕಳಿಗೆ ಅದನ್ನು ತೋರಿಸಿ ಮೆರೆಯುವ ಆಸೆ. ಮಕ್ಕಳಿರುವ ಮನೆಗೆ ಮಕ್ಕಳು ಬರುತ್ತಾರೆ ಎಂದರೆ ಕೋವಿ ಬೀಗದೊಳಗೆ ಇರಬೇಕು, ತೋಟೆಗಳು ಬೇರೆ ಕಡೆ, ಬೇರೆ ಬೀಗದೊಳಗೆ. "ತೋಟೆ ಇಲ್ಲ, ಏನೂ ಆಗುವುದಿಲ್ಲ" ಎಂಬ ಮಾತನ್ನು ನಾನು ಯಾರಿಂದಲೂ ಕೇಳಿಸಿಕೊಳ್ಳುವುದಿಲ್ಲ, ಹಿರಿಯರಾದರೂ ಸರಿ.

ಹಾಗೆಯೇ ಮನೆಯಲ್ಲಿ ಮಾಡಿದ ವೈನಿನ ಬಾಟಲಿ ಮೇಲಿನ ಕಪಾಟಿಗೆ ಹೋಗಲಿ. ನೆಂಟರು ಅರ್ಧ ಕುಡಿದು ಟೀಪಾಯಿಯ ಮೇಲೆ ಬಿಟ್ಟ ಲೋಟದ ಮೇಲೂ ಕಣ್ಣಿರಲಿ, ಅದು ಮಕ್ಕಳಿಗೆ ದ್ರಾಕ್ಷಿ ಶರಬತ್ತಿನಂತೆಯೇ ಕಾಣುತ್ತದೆ. ತೋಟದ ಕೆರೆಯ ಕಡೆ ಹೋಗುವ ತಡಿಕೆ ಬಾಗಿಲನ್ನು ಕಟ್ಟಿ. ನಮ್ಮ ಮಕ್ಕಳಿಗೆ ಕೆರೆಯ ಭಯ ಗೊತ್ತು, ಪಟ್ಟಣದಿಂದ ಬಂದ ಮಕ್ಕಳಿಗೆ ಅದು ಈಜುಕೊಳ.

ನಿದ್ದೆ, ಹಸಿವು

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸೂಚನೆಯ ಪ್ರಕಾರ ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಮೂರು ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ. ಹಗಲಿನ ನಿದ್ದೆಯೂ ಇದರಲ್ಲಿ ಸೇರಿದೆ. ಈಗ ನಾವು ನೆಂಟರನ್ನು ಕರೆಯುವ ಹೊತ್ತನ್ನು ನೆನಪಿಸಿಕೊಳ್ಳಿ: ಮಧ್ಯಾಹ್ನ ಒಂದಕ್ಕೆ ಊಟ, ಅದು ಎರಡೂವರೆಯ ತನಕ ಬಡಿಸುವುದಿಲ್ಲ. ಅದೇ ಮಗುವಿನ ನಿದ್ದೆಯ ಹೊತ್ತು. ಮೂರು ಗಂಟೆಗೆ ಅದು ನೆಲಕ್ಕೆ ಬಿದ್ದು ಹೊರಳಾಡಿದರೆ ಅದರಲ್ಲಿ ಗುಣದ ದೋಷ ಹುಡುಕಬೇಡಿ. ನೆಂಟರಿಗೆ ಕಾಯದೆ ಹನ್ನೆರಡಕ್ಕೇ ಮಗುವಿಗೆ ಊಟ ಮಾಡಿಸಿ, ಸಾಧ್ಯವಾದರೆ ಮಲಗಿಸಿ. "ಮಗು ಮಲಗಿದೆ, ಎದ್ದ ಮೇಲೆ ಕರೆದು ತರುತ್ತೇನೆ" ಎಂದರೆ ಯಾರೂ ಬೇಸರಿಸುವುದಿಲ್ಲ.

ನಮ್ಮ ಸುಗ್ಗಿ ಹಬ್ಬವಾದ ಹುತ್ತರಿಯ ರಾತ್ರಿ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಕದಿರು ಕೊಯ್ಯುವ ಮುಹೂರ್ತ ರಾತ್ರಿಯದು. ಮನೆ ತುಂಬ ಜನ, ಗದ್ದೆಗೆ ಮೆರವಣಿಗೆ, "ಪೊಲಿ ಪೊಲಿ ದೇವಾ" ಎಂಬ ಕೂಗು, ಕೋವಿಯ ಶಬ್ದ, ಪಟಾಕಿ. ದೊಡ್ಡವರಿಗೆ ಮೈ ನವಿರೇಳುವ ಗಳಿಗೆ, ಎರಡು ವರ್ಷದ ಮಗುವಿಗೆ ನಡುಕ. ಅಂದು ಮಧ್ಯಾಹ್ನ ಎಷ್ಟು ಹೊತ್ತಾದರೂ ಸರಿ, ಮಲಗಲು ಬಿಡಿ. "ರಾತ್ರಿ ಗದ್ದೆಯಲ್ಲಿ ಢಂ ಎಂದು ಶಬ್ದ ಬರುತ್ತದೆ, ಆಗ ನಾವಿಬ್ಬರೂ ಕಿವಿ ಮುಚ್ಚಿಕೊಳ್ಳೋಣ" ಎಂದು ಮೊದಲೇ ಹೇಳಿ, ಕಿವಿ ಮುಚ್ಚುವುದನ್ನು ಆಡಿ ತೋರಿಸಿ. ಕೋವಿ ಹಾರಿಸುವ ಜಾಗದಿಂದ ಬಹಳ ದೂರದಲ್ಲಿ, ಒಬ್ಬರ ತೋಳಿನಲ್ಲಿ ಮಗು ಇರಲಿ. ತೀರಾ ಅಂಜುವ ಮಗುವಾದರೆ ಮನೆಯಲ್ಲೇ ಅಜ್ಜಿಯ ಬಳಿ ಉಳಿದು, ಹುತ್ತರಿ ಗೆಣಸು ಜೇನುತುಪ್ಪ ತಿಂದುಕೊಂಡಿರಲಿ. ಕದಿರು ಹೇಗೂ ಮನೆಗೆ ಬರುತ್ತದೆ.

ಬಾಗಿಲಲ್ಲಿ

ಬಂದ ಹಿರಿಯರ ಕಾಲು ಮುಟ್ಟಿ ನಮಸ್ಕರಿಸುವುದು ನಮ್ಮಲ್ಲಿ ನಡೆದುಬಂದ ರೀತಿ. ಅದನ್ನು ಕಲಿಸಲೇಬೇಕು ಎನ್ನುವವಳು ನಾನು. ಆದರೆ ಕುತ್ತಿಗೆ ಹಿಡಿದು ಬಗ್ಗಿಸಿದರೆ ಮಗು ಕಲಿಯುವುದು ಬಗ್ಗದಿರುವುದನ್ನು. ನೀವು ಮೊದಲು ಕಾಲು ಮುಟ್ಟಿ, ಮಗು ಪಕ್ಕದಲ್ಲಿ ನಿಂತು ನೋಡಲಿ. ಅದಕ್ಕೆ ಮೂರು ದಾರಿ ಕೊಡಿ: ಕಾಲು ಮುಟ್ಟಬಹುದು, ಕೈ ಮುಗಿಯಬಹುದು, ದೂರದಿಂದ ನಕ್ಕು ಕೈ ಬೀಸಬಹುದು. ಮೂರರಲ್ಲಿ ಒಂದನ್ನು ಮಾಡಲೇಬೇಕು, ಯಾವುದು ಎಂಬುದು ಅದರ ಇಷ್ಟ. ನಾಲ್ಕು ವರ್ಷ ದಾಟಿದ ಮಕ್ಕಳು ಈ ಒಪ್ಪಂದಕ್ಕೆ ಚೆನ್ನಾಗಿ ಒಗ್ಗುತ್ತಾರೆ.

ಎಂಟು ಒಂಬತ್ತು ತಿಂಗಳ ಕೂಸು ಹೊಸಬರನ್ನು ಕಂಡು ಕಿರುಚಿದರೆ ಅದು ಬೆಳವಣಿಗೆಯ ಲಕ್ಷಣ, ತನ್ನವರು ಯಾರು ಎಂಬುದು ಗೊತ್ತಾಗತೊಡಗಿದೆ ಎಂದರ್ಥ. ನೆಂಟರಿಗೆ ನಗುತ್ತಲೇ ಹೇಳಿ: "ಹತ್ತು ನಿಮಿಷ ಬಿಡಿ ಚಿಕ್ಕಮ್ಮ, ಅದೇ ನಿಮ್ಮ ಹತ್ತಿರ ಬರುತ್ತದೆ." ಕೆನ್ನೆ ಹಿಂಡುವವರು, ಬಲವಂತವಾಗಿ ಮುತ್ತಿಡುವವರು ಬಂದರೆ ಮಗುವಿನ ಪರ ನಿಲ್ಲಬೇಕಾದವರು ನೀವೇ. ತನ್ನ ಮೈ ಮುಟ್ಟುವುದು ಬೇಡ ಎನ್ನುವ ಹಕ್ಕು ಮನೆಯಲ್ಲೇ ಸಿಗದ ಮಗು ಅದನ್ನು ಹೊರಗೆ ಹೇಗೆ ಕೇಳೀತು? "ಇವನಿಗೆ ಬಹಳ ನಾಚಿಕೆ", "ಇವಳು ಹೀಗೆಯೇ, ಯಾರ ಹತ್ತಿರವೂ ಹೋಗುವುದಿಲ್ಲ" ಎಂದು ಅದರ ಎದುರಿಗೇ ಹಣೆಪಟ್ಟಿ ಹಚ್ಚುವುದನ್ನೂ ಬಿಡಿ.

ನಮಸ್ಕಾರ ಮುಗಿದ ಕೂಡಲೇ ಮಗುವಿನ ಕೈಗೆ ಒಂದು ಕೆಲಸ ಬರಬೇಕು. ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕೆಲಸವಿರುವ ಮಗು ಮನೆಯವರ ಗುಂಪಿಗೆ ಸೇರುತ್ತದೆ, ಕೆಲಸವಿಲ್ಲದ್ದು ನೆಂಟರ ಜೊತೆ ಪೈಪೋಟಿಗೆ ಇಳಿಯುತ್ತದೆ. ಎರಡು ವರ್ಷದ್ದು ಪೇಪರ್ ನ್ಯಾಪ್‌ಕಿನ್ ಹಂಚಲಿ. ನಾಲ್ಕು ವರ್ಷದ್ದು ಒದ್ದೆ ಕೊಡೆಗಳನ್ನು ಜಗಲಿಯ ಮೂಲೆಯ ಬಕೆಟ್ಟಿಗೆ ಹಾಕಲಿ. ಆರು ವರ್ಷದವರು ನೆಂಟರಿಗೆ ಬಚ್ಚಲು ತೋರಿಸಲಿ, ನೀರು ಕೊಡಲಿ. ಮಳೆಗಾಲದಲ್ಲಿ ನಮ್ಮ ಮಗಳದು ಜಿಗಣೆ ತಪಾಸಣೆ. ಬಂದವರ ಕಾಲು, ಸಾಕ್ಸು ಎಲ್ಲ ನೋಡಿ, ಇದ್ದರೆ ನನ್ನನ್ನು ಕರೆಯುವುದು. ಬೆಂಗಳೂರಿನ ಮಕ್ಕಳು ಕಿರುಚುವಾಗ ಅವಳ ಮುಖದಲ್ಲಿ ಡಾಕ್ಟರಮ್ಮನ ಗಾಂಭೀರ್ಯ.

ಕೆಲಸದ ಅಂಚುಗಳನ್ನು ಮಾತ್ರ ಸರಿಯಾಗಿ ಹೇಳಿಕೊಡಿ. ಮಗನಿಗೆ ನಾಲ್ಕು ವರ್ಷವಿದ್ದಾಗ ಚಪ್ಪಲಿ ಜೋಡಿಸುವ ಕೆಲಸ ಕೊಟ್ಟಿದ್ದೆ. ನನ್ನ ಮಾವನವರ ಹಳೆಯ ಸ್ನೇಹಿತರು ಬಂದಿದ್ದರು. ಜಗಲಿಯಲ್ಲಿ ಅವನು ಚಪ್ಪಲಿಗಳನ್ನು ಒಂದು ಗೆರೆಯಲ್ಲಿ ಜೋಡಿಸಿದ. ಅಷ್ಟಕ್ಕೇ ಕೆಲಸ ಮುಗಿಯಿತಲ್ಲ ಎಂಬ ಕೊರಗಿಗೋ ಏನೋ, ಒಂದೊಂದಾಗಿ ಎತ್ತಿಕೊಂಡು ಒಳಗೆ ಬಂದ. ಕಾಫಿಯ ಮೊದಲ ಗುಟುಕು ಕುಡಿಯುತ್ತಿದ್ದವರ ಕಾಲಬುಡದಲ್ಲಿ, ಮೂತಿ ಬಾಗಿಲ ಕಡೆ ಇರುವಂತೆ ಇಟ್ಟು, ಎದ್ದು ನಿಂತು ಕೈ ಮುಗಿದ. ಆ ಹಿರಿಯರು ಗಟ್ಟಿಯಾಗಿ ನಕ್ಕು "ಹೋಗುತ್ತೇನೆ ಮಾರಾಯ, ಕಾಫಿ ಮುಗಿಸಲಾದರೂ ಬಿಡು" ಎಂದರು.

ಮಾತಿನ ನಡುವೆ ನುಗ್ಗಿದರೆ

ಇದಕ್ಕೆ ನಾನು ಕಂಡ ಒಳ್ಳೆಯ ಉಪಾಯ ಕೈ ಸಂಕೇತ. ಮಗುವಿಗೆ ಏನಾದರೂ ಹೇಳಬೇಕೆನಿಸಿದರೆ ಬಂದು ನನ್ನ ಮುಂಗೈ ಮೇಲೆ ಕೈ ಇಡಬೇಕು, ಮಾತನಾಡಬಾರದು. ಅದರ ಕೈ ಮೇಲೆ ನಾನು ನನ್ನ ಇನ್ನೊಂದು ಕೈ ಇಡುತ್ತೇನೆ. "ನೀನು ಬಂದದ್ದು ಗೊತ್ತಾಯಿತು" ಎಂದು ಅದರ ಅರ್ಥ. ನನ್ನ ವಾಕ್ಯ ಮುಗಿದ ಕೂಡಲೇ ಮಗುವಿನ ಕಡೆ ತಿರುಗುತ್ತೇನೆ.

ಕಲಿಸುವಾಗ ಮೊದಲ ವಾರ ಎರಡು ಮೂರು ಸೆಕೆಂಡಿಗೇ ತಿರುಗಬೇಕು. ಆಮೇಲೆ ಹತ್ತು, ಆಮೇಲೆ ಅರ್ಧ ನಿಮಿಷ. ನೆಂಟರಿಲ್ಲದ ದಿನ ಗಂಡ ಹೆಂಡತಿ ಮಾತನಾಡುವಾಗಲೇ ಅಭ್ಯಾಸ ಮಾಡಿಸಿ. ಮಗು ಕೈ ಇಟ್ಟು ಕಾಯುತ್ತಿದ್ದರೂ ನೀವು ಐದು ನಿಮಿಷ ಹರಟೆ ಮುಂದುವರಿಸಿದರೆ ಈ ಉಪಾಯ ಅಂದಿಗೇ ಸತ್ತಂತೆ. ರಕ್ತ, ಬೆಂಕಿ, ಹಾವು, ಮೂತ್ರ, ಈ ನಾಲ್ಕಕ್ಕೆ ಸಂಕೇತ ಬೇಡ, ಕೂಗಬಹುದು ಎಂದು ನಮ್ಮ ಮನೆಯ ಕಾನೂನು.

ಮಗು ಕರೆಯುವ ಮೊದಲೇ ನೀವು ಅದರ ಬಳಿ ಹೋಗುವುದು ಇನ್ನೂ ಒಳ್ಳೆಯದು. ಕಾಲು ಗಂಟೆಗೊಮ್ಮೆ ಎದ್ದು, ಅದು ಆಡುತ್ತಿರುವಲ್ಲಿ ಒಂದು ನಿಮಿಷ ಕುಳಿತು, "ಎಷ್ಟು ಹೊತ್ತಿನಿಂದ ಒಬ್ಬನೇ ಬಣ್ಣ ಹಚ್ಚುತ್ತಿದ್ದೀಯ, ನನಗೆ ಅವರ ಜೊತೆ ಮಾತನಾಡಲು ಬಿಟ್ಟೆ" ಎನ್ನಿ. ಬರಿಯ "ಶಹಭಾಸ್" ಎನ್ನುವುದಕ್ಕಿಂತ ಮಾಡಿದ್ದನ್ನು ಹೆಸರಿಸಿ ಮೆಚ್ಚಿದರೆ ಅದು ಮತ್ತೆ ಮಾಡುತ್ತದೆ.

ಹೊರಗೆ ಬಿಡಲಾಗದ ಜೂನ್, ಜುಲೈ ತಿಂಗಳುಗಳಿಗೆ ನಮ್ಮಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇದೆ. ಹಳೆಯ ಕ್ಯಾಲೆಂಡರ್, ಮೇಣದ ಬಣ್ಣ, ಬಟ್ಟೆಗೆ ಹಾಕುವ ಕ್ಲಿಪ್ಪುಗಳು, ಹಾಳಾದ ಟಾರ್ಚು. ಬೆಲೆ ಬಾಳುವುದು ಏನೂ ಇಲ್ಲ. ನೆಂಟರು ಬಂದಾಗ ಮಾತ್ರ ಅದು ಅಟ್ಟದಿಂದ ಇಳಿಯುತ್ತದೆ, ಹಾಗಾಗಿ ನೆಂಟರು ಬಂದರೆ ಮಕ್ಕಳಿಗೆ ಹಬ್ಬ. ಮೊಬೈಲ್ ಕೊಟ್ಟು ಕೂರಿಸುವುದು ಸುಲಭ, ನಾನೂ ಕೊಟ್ಟಿದ್ದೇನೆ. ಆದರೆ ಎರಡು ವರ್ಷದೊಳಗೆ ಬೇಡ, ಆಮೇಲೆ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ಆಗ ಹೇಳಿದ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಲ್ಲೇ ಇದೆ. ಅಲ್ಲದೆ ಕೊಟ್ಟದ್ದನ್ನು ಕಿತ್ತುಕೊಳ್ಳುವಾಗಿನ ರಂಪ ನೆಂಟರ ಎದುರಿಗೇ ಆಗುತ್ತದೆ.

"ಆಂಟಿಗೆ ಒಂದು ರೈಮ್ಸ್ ಹೇಳು, ಡ್ಯಾನ್ಸ್ ಮಾಡಿ ತೋರಿಸು" ಎಂಬುದನ್ನು ದಯವಿಟ್ಟು ಬಿಡಿ. ಇಷ್ಟವಿದ್ದರೆ ಅದೇ ಹೇಳುತ್ತದೆ, ನಿಲ್ಲಿಸುವುದೇ ಕಷ್ಟವಾಗುತ್ತದೆ.

ಊಟದ ಹೊತ್ತು

ಪಂದಿ ಕರಿಯಲ್ಲಿ (ಹಂದಿ ಮಾಂಸದ ಪಲ್ಯ) ಕರಿಮೆಣಸು, ಕಾಚಂಪುಳಿ ಎಂಬ ಹುಳಿರಸ ಎರಡೂ ಗಟ್ಟಿ. ಚಿಕ್ಕ ಮಕ್ಕಳಿಗೆ ಮಸಾಲೆ ಬೆರೆಸುವ ಮೊದಲೇ ಬೇರೆ ತೆಗೆದಿಡಿ, ಇಲ್ಲವೇ ನೂಪುಟ್ಟಿಗೆ (ಒತ್ತು ಶಾವಿಗೆ) ಕಾಯಿಹಾಲು ಬೆಲ್ಲ ಹಾಕಿ ಕೊಡಿ. ತಾನೇ ಉಂಡೆ ಕಟ್ಟಿದ ಕಡುಂಬುಟ್ಟನ್ನು (ಅಕ್ಕಿ ತರಿಯ ಕಡುಬು) ಮಗು ಬೇಡವೆನ್ನುವುದು ಅಪರೂಪ. ಅಕ್ಕಿ ತರಿಯ ಹಿಟ್ಟು ಉಗುರುಬೆಚ್ಚಗಾದ ಮೇಲೆ ಒಂದು ಹಿಡಿ ಕೊಡಿ. ಅದು ಕಟ್ಟಿದ ಉಂಡೆ ಗುಂಡಗಿರುವುದಿಲ್ಲ, ಬೇಯಿಸಿ ಅದರ ತಟ್ಟೆಗೇ ಹಾಕಿ.

ನೆಂಟರು ಪ್ರೀತಿಯಿಂದ ಮಾಡುವ ಮೂರು ತಪ್ಪುಗಳನ್ನು ತಡೆಯಬೇಕಾಗುತ್ತದೆ. ಒಂದು ವರ್ಷದೊಳಗಿನ ಕೂಸಿನ ನಾಲಿಗೆಗೆ ಜೇನು ಸವರುವುದು. ಕೊಡಗಿನ ಜೇನು ಎಷ್ಟೇ ಶುದ್ಧವಾಗಿರಲಿ, ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಕೂಸಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲವು. ವರ್ಷ ತುಂಬುವ ತನಕ ಬೇಡವೇ ಬೇಡ. ಎರಡನೆಯದು ನಾಲ್ಕು ವರ್ಷದೊಳಗಿನವರಿಗೆ ಇಡಿ ಕಡಲೆಕಾಯಿ ಬೀಜ, ಗೋಡಂಬಿ ಕೊಡುವುದು, ಅದು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮೂರನೆಯದು ಬಿಸಿ ಕಾಫಿ ಲೋಟ ಹಿಡಿದುಕೊಂಡೇ ಮಗುವನ್ನು ಮಡಿಲಿಗೆ ಕರೆಯುವುದು.

ಎಲ್ಲರೂ ಏಳುವ ತನಕ ಕುಳಿತಿರಬೇಕು ಎಂದು ಐದು ವರ್ಷದ ಮಗುವಿಗೆ ಹೇಳಬೇಡಿ. ಹದಿನೈದು ನಿಮಿಷ ಕುಳಿತು, "ನನ್ನದಾಯಿತು, ಏಳಲೇ?" ಎಂದು ಕೇಳಿ ಎದ್ದರೆ ಬೇಕಾದಷ್ಟಾಯಿತು.

ಕೈ ಮೀರಿದಾಗ

ಇಷ್ಟೆಲ್ಲ ಮಾಡಿದರೂ ಕೆಲವು ದಿನ ಕೈ ಮೀರುತ್ತದೆ. ಆಗ ಎಲ್ಲರೆದುರು ಬೈಯಬೇಡಿ, ಮಗುವನ್ನು ಎತ್ತಿಕೊಂಡು ಅಥವಾ ಕೈ ಹಿಡಿದುಕೊಂಡು ಬೇರೆ ಕೋಣೆಗೆ ಹೋಗಿ. ನೆಲದ ಮೇಲೆ ಅದರ ಎತ್ತರಕ್ಕೆ ಕುಳಿತುಕೊಳ್ಳಿ. ಅಳು ಇಳಿಯುವ ತನಕ ಉಪದೇಶ ಬೇಡ, ಅಳುವ ಮಗುವಿನ ಕಿವಿಗೆ ಏನೂ ಹೋಗುವುದಿಲ್ಲ. ಇಳಿದ ಮೇಲೆ ಎರಡೇ ವಾಕ್ಯ: "ನಿನಗೆ ಕೋಪ ಬಂದಿತ್ತು. ಆದರೆ ತಟ್ಟೆ ಎಸೆಯುವ ಹಾಗಿಲ್ಲ." ಆಮೇಲೆ ಇಬ್ಬರೂ ಸೇರಿ ಬಿದ್ದದ್ದನ್ನು ಬಳಿಯಿರಿ. ಬಲವಂತದ "ಸಾರಿ" ಹೇಳಿಸುವುದಕ್ಕಿಂತ ಬಳಿಯುವ ಬಟ್ಟೆ ಕೈಗೆ ಕೊಡುವುದು ಮೇಲು.

ಹೊರಗೆ ಬಂದಾಗ ಯಾರಾದರೂ "ನಮ್ಮ ಕಾಲದಲ್ಲಿ ಒಂದು ಏಟು ಬಿದ್ದರೆ ಸರಿಯಾಗುತ್ತಿತ್ತು" ಎನ್ನುತ್ತಾರೆ. ವಾದಕ್ಕೆ ಹೋಗಬೇಡಿ. "ಇನ್ನೊಂದು ಕಡುಂಬುಟ್ಟು ಹಾಕಲೇ ಮಾವ?" ಎಂದರೆ ಸಾಕು.

ಹೋಂಸ್ಟೇ ನಡೆಸುವ ಮನೆಗಳಲ್ಲಿ ನೆಂಟರು ವಾರವಾರವೂ ಬದಲಾಗುವುದರಿಂದ ಎರಡು ನಿಯಮ ಗಟ್ಟಿಯಾಗಿರಲಿ. ಅತಿಥಿಗಳ ಕೋಣೆಯೊಳಗೆ ಮಗು ಹೋಗಬಾರದು, ಅವರು ಕರೆದರೂ. ಮತ್ತು ಮಗುವಿನ ಫೋಟೋ ತೆಗೆಯುವ ಮೊದಲು ಅವರು ನಿಮ್ಮನ್ನು ಕೇಳಬೇಕು. ಎರಡನ್ನೂ ಮೊದಲ ಕಾಫಿ ಕೊಡುವಾಗಲೇ ಹೇಳಿಬಿಡಿ.

ಹೊರಡುವಾಗ

ಎದ್ದು ನಿಂತು, ಬಾಗಿಲಲ್ಲಿ ಅರ್ಧ ಗಂಟೆ, ಜೀಪಿನ ಕಿಟಕಿಯಲ್ಲಿ ಇನ್ನೊಂದು ಕಾಲು ಗಂಟೆ ಮಾತನಾಡುವುದು ನಮ್ಮೂರಿನ ಪದ್ಧತಿ. ಮಕ್ಕಳು ಹೆಚ್ಚಾಗಿ ಕೆಡುವುದು ಈ ಮುಕ್ಕಾಲು ಗಂಟೆಯಲ್ಲಿ. ಜೊತೆಗೆ ಆಡಿದ ಮಕ್ಕಳಿಗೆ "ಇನ್ನು ಹತ್ತು ನಿಮಿಷ", "ಇನ್ನು ಐದು ನಿಮಿಷ" ಎಂದು ಮೊದಲೇ ಸೂಚನೆ ಕೊಡಿ. ಕೊನೆಯ ಕೆಲಸವನ್ನೂ ಕೊಡಿ: ಕಿತ್ತಳೆಯ ಚೀಲ, ಕರಿಮೆಣಸಿನ ಪೊಟ್ಟಣ, ಏನು ಕೊಟ್ಟು ಕಳಿಸುತ್ತೀರೋ ಅದನ್ನು ಮಗುವಿನ ಕೈಯಲ್ಲೇ ಕೊಡಿಸಿ. ನೆಂಟರು ಮಗುವಿನ ಕೈಯಲ್ಲಿ ಇಟ್ಟ ನೋಟನ್ನು ಅವರೆದುರೇ ಕಿತ್ತು ಜೋಪಾನ ಮಾಡಬೇಡಿ, ರಾತ್ರಿ ಡಬ್ಬಿಗೆ ಹಾಕಿಸಿದರಾಯಿತು.

ಅವರು ಹೋದ ಮೇಲೆ ಪಾತ್ರೆಗಳು ಕಾಯಲಿ. ಹತ್ತು ನಿಮಿಷ ಜಗಲಿಯಲ್ಲಿ ಮಗುವಿನ ಜೊತೆ ಕುಳಿತುಕೊಳ್ಳಿ, ವಿಚಾರಣೆ ಬೇಡ. ಮೊನ್ನೆ ಹಾಗೆ ಕುಳಿತಿದ್ದಾಗ ಮಗ ನನ್ನ ಮುಂಗೈ ಮೇಲೆ ಕೈ ಇಟ್ಟ. ನಾನು ಯಾರ ಜೊತೆಯೂ ಮಾತನಾಡುತ್ತಿರಲಿಲ್ಲ. ಅವನ ಕೈ ಮೇಲೆ ಕೈ ಇಟ್ಟು "ಏನು?" ಎಂದೆ. "ಏನಿಲ್ಲ" ಎಂದ. ಜೀಪಿನ ಸದ್ದು ರಸ್ತೆ ಸೇರುವ ತನಕ ನಾಯಿಗಳು ಬೊಗಳುತ್ತಲೇ ಇದ್ದವು.